ತಟಸ್ಥತೆ ಭಾಷೆಯ ಗುಣವೇ? ವಾಣಿಜ್ಯ ಇಂಗ್ಲಿಷ್ ಕುರಿತ ಒಂದು ಪರಿಕಲ್ಪನೆಯ ವಿಮರ್ಶೆ

ವಾಣಿಜ್ಯ ಕ್ಷೇತ್ರದ ಇಂಗ್ಲಿಷನ್ನು ಕುರಿತ ಚರ್ಚೆಯಲ್ಲಿ 2005ರಿಂದೀಚೆಗೆ ಒಂದು ಪರಿಕಲ್ಪನೆ ಬೇರೂರಿದೆ. ನಾರ್ಡಿಕ್ ದೇಶಗಳಲ್ಲಿ ವಿಲೀನದಿಂದ ರೂಪುಗೊಂಡ ಎರಡು ಸಂಸ್ಥೆಗಳನ್ನು ಅಧ್ಯಯನ ಮಾಡಿದ ಲೀನಾ ಲೌಹಿಯಾಲಾ-ಸಾಲ್ಮಿನೆನ್, ಮಿರ್ಯಾಲೀಸಾ ಚಾರ್ಲ್ಸ್ ಮತ್ತು ಆನ್ನೆ ಕಾಂಕಾನ್‌ರಾಂತಾ ಅವರು, ಅಲ್ಲಿನ ಇಂಗ್ಲಿಷ್ ಯಾರ ತಾಯ್ನುಡಿಯೂ ಅಲ್ಲದ ಕಾರಣ ಅದನ್ನು ಎಲ್ಲರೂ ಹಂಚಿಕೊಂಡ ತಟಸ್ಥ ಸಂಪರ್ಕ ಭಾಷೆಯೆಂದು ವಿವರಿಸಿದರು. ಇಂಗ್ಲಿಷ್ ತಾಯ್ನುಡಿಗರ ಬಳಕೆಯೊಂದೇ ಅಳತೆಗೋಲೆಂಬ ನಂಬಿಕೆಯನ್ನು ಈ ಪರಿಕಲ್ಪನೆ ಸಡಿಲಿಸಿತು. ಫಿನ್ನರ ನೇರ ನುಡಿ, ಸ್ವೀಡರ ಚರ್ಚಾಪ್ರಿಯತೆ ಮೊದಲಾದ ರೂಢಿಗಳು ಈ ಇಂಗ್ಲಿಷಿನೊಳಗೂ ಉಳಿಯುತ್ತವೆಂಬುದನ್ನು ಆ ಅಧ್ಯಯನವೇ ಗುರುತಿಸಿದೆ. ಆದರೆ ತಟಸ್ಥತೆಯನ್ನು ಭಾಷೆಯ ಗುಣವೆಂದು ಗ್ರಹಿಸಿ ಬೇರೆ ಸಂದರ್ಭಗಳಿಗೂ ಅನ್ವಯಿಸುವ ಕ್ರಮವನ್ನು ನಾವು ಒಪ್ಪಲಾರೆವು.

ಫಿನ್ಲೆಂಡಿನ ಮೆರಿಟಾ ಮತ್ತು ಸ್ವೀಡನ್ನಿನ ನಾರ್ಡ್‌ಬ್ಯಾಂಕೆನ್ 1997ರಲ್ಲಿ ಒಂದಾದಾಗ ಆಡಳಿತ ಭಾಷೆಯಾಗಿ ಆಯ್ಕೆಯಾದದ್ದು ಸ್ವೀಡಿಷ್. ಇದು ಅನೇಕ ಫಿನ್ನಿಷ್ ಭಾಷಿಕರ ವೃತ್ತಿ ಸಾಮರ್ಥ್ಯವನ್ನೇ ಕುಗ್ಗಿಸಿ ತೋರಿಸಿತು. 1809ರವರೆಗಿನ ಸ್ವೀಡಿಷ್ ಆಳ್ವಿಕೆಯ ಕಾಲದ ಮೇಲು-ಕೀಳಿನ ಭಾವನೆಗೆ ಮರುಜೀವ ನೀಡಿತು ಎಂದು ಏರೋ ವಾರಾ ಮತ್ತು ಸಂಗಡಿಗರು ತೋರಿಸಿದ್ದಾರೆ. 2000ದಲ್ಲಿ ಡೆನ್ಮಾರ್ಕಿನ ಯೂನಿಡಾನ್‌ಮಾರ್ಕ್ ಸೇರಿದ ಬಳಿಕ ಇಂಗ್ಲಿಷ್ ಬಂದಿತು. ಅದು ತಟಸ್ಥವಾಗಿ ಕಂಡದ್ದು ಸ್ವೀಡಿಷ್ ಭಾಷೆಯ ಸ್ಥಾನಕ್ಕೆ ಬಂದುದರಿಂದ.

ಜಪಾನಿನ ರಾಕುಟೆನ್ ಸಂಸ್ಥೆಯ ಪ್ರಸಂಗ ಇದಕ್ಕೆ ವ್ಯತಿರಿಕ್ತವಾದುದು. 2010ರಲ್ಲಿ ಹಿರೋಶಿ ಮಿಕಿತಾನಿ ಎರಡು ವರ್ಷಗಳ ಗಡುವು ನೀಡಿ ಇಂಗ್ಲಿಷನ್ನು ಸಂಸ್ಥೆಯ ಅಧಿಕೃತ ಭಾಷೆಯೆಂದು ಘೋಷಿಸಿದರು. ಇಲ್ಲಿ ತೆರವಾದದ್ದು ಬಹುಪಾಲು ನೌಕರರ ತಾಯ್ನುಡಿ. ಟೋಯಿಕ್ ಪರೀಕ್ಷೆಯ ಅಂಕಗಳು ಬಡ್ತಿಯೊಡನೆ ಬೆಸೆದುಕೊಂಡವು. ಕಲಿಕೆಯ ಹೊರೆ ಆರಂಭದಲ್ಲಿ ನೌಕರರ ಮೇಲೆಯೇ ಬಿದ್ದಿತು. ಸ್ವದೇಶದಲ್ಲಿದ್ದೇ ಭಾಷೆಯಲ್ಲಿ ಪರಕೀಯರಾದ ಇವರನ್ನೂ, ಭಾಷೆ ತಮ್ಮದೇ ಆಗಿದ್ದರೂ ಜಪಾನೀ ಕಾರ್ಯಸಂಸ್ಕೃತಿಗೆ ಪರಕೀಯರಾದ ಅಮೆರಿಕದ ನೌಕರರನ್ನೂ ತ್ಸೆಡಾಲ್ ನೀಲಿ 2017ರ ತಮ್ಮ ಗ್ರಂಥದಲ್ಲಿ ಬೇರ್ಪಡಿಸಿ ನೋಡಿದ್ದಾರೆ. ಭಾಷೆ, ಸಂಸ್ಕೃತಿ ಎರಡೂ ಹೊರಗಿನವಾಗಿದ್ದ ಇತರ ದೇಶಗಳ ನೌಕರರೇ ಬದಲಾವಣೆಗೆ ಹೆಚ್ಚು ಸುಲಭವಾಗಿ ಹೊಂದಿಕೊಂಡರು ಎಂಬ ಅವರ ತೀರ್ಮಾನ ಗಮನಾರ್ಹ.

ಹೀಗೆ, ಒಂದೆಡೆ ಬಿಡುಗಡೆಯಾಗಿ ಬಂದ ಭಾಷೆಯೇ ಇನ್ನೊಂದೆಡೆ ಹೊರೆಯಾಗಿದೆ. 1992ರಲ್ಲಿ ರಾಬರ್ಟ್ ಫಿಲಿಪ್ಸನ್ ಮಂಡಿಸಿದ ಭಾಷಾ ಸಾಮ್ರಾಜ್ಯಶಾಹಿಯ ವಾದವೊಂದರಿಂದಲೇ ಮೊದಲ ಪ್ರಸಂಗವನ್ನು ವಿವರಿಸಲಾಗದು. ತಟಸ್ಥತೆಯ ವಾದದಿಂದ ಎರಡನೆಯದನ್ನು ವಿವರಿಸಲಾಗದು. ಯಾವ ಭಾಷೆ ತೆರವಾಯಿತು, ಕಲಿಕೆಯ ವೆಚ್ಚ ಯಾರದು, ಸಾಮರ್ಥ್ಯವನ್ನು ಅಳೆಯುವವರು ಯಾರು ಎಂಬ ಮೂರು ಪ್ರಶ್ನೆಗಳ ಉತ್ತರದಲ್ಲಿ ತಟಸ್ಥತೆ ನಿರ್ಧಾರವಾಗುತ್ತದೆ. ಇಂಗ್ಲಿಷಿನಲ್ಲಿ ನಡೆದ ಸಭೆಗಳನ್ನೂ ಪತ್ರಗಳನ್ನೂ ಮಾತ್ರ ದತ್ತಾಂಶವಾಗಿ ಸಂಗ್ರಹಿಸುವ ಸಂಶೋಧನೆಗೆ ಈ ಪ್ರಶ್ನೆಗಳು ಎದುರಾಗುವುದೇ ಇಲ್ಲ. ಆದುದರಿಂದ ಅದೇ ನೌಕರರು ತಮ್ಮ ನುಡಿಯಲ್ಲಿ ನಡೆಸುವ ವ್ಯವಹಾರವನ್ನೂ, ಇಂಗ್ಲಿಷ್ ಸಭೆಗಳಲ್ಲಿ ಅವರು ತಾಳುವ ಮೌನವನ್ನೂ ದತ್ತಾಂಶದ ಭಾಗವಾಗಿಸಬೇಕೆಂಬುದು ನಮ್ಮ ಸೂಚನೆ.