ಮುಕ್ಕಾಲು ಸುತ್ತು

ಎಂಜಿನ್ ಆಯಿಲನ್ನು ಮನೆಯಲ್ಲೇ ಬದಲಿಸುವವರು ಎಡವುವುದು ಬಿಚ್ಚುವಾಗಲ್ಲ, ಬಿಗಿಯುವಾಗ. ಸೋರಿಬಿಟ್ಟೀತೆಂಬ ಭಯಕ್ಕೆ ಸ್ಪ್ಯಾನರಿಗೆ ಮೈಭಾರವನ್ನೆಲ್ಲ ಹಾಕುತ್ತಾರೆ. ಬೋಲ್ಟ್ ಕೂರುವ, ಎಂಜಿನ್ ತಳದ ಆಯಿಲ್ ಚೇಂಬರ್ ಅಲ್ಯೂಮಿನಿಯಂನದಾಗಿದ್ದರೆ ಥ್ರೆಡ್ ಅಲ್ಲಿಗೇ ಮುಗಿಯಿತು.

ಮಾರುತಿಯ ಕೆ-ಸರಣಿಯ ಪೆಟ್ರೋಲ್ ಎಂಜಿನ್‌ಗಳು ಕಲಿಯುವವರಿಗೆ ಹೇಳಿ ಮಾಡಿಸಿದಂಥವು. ಮೂರು ಲೀಟರ್ ಆಸುಪಾಸು ಆಯಿಲ್, ಡಬ್ಬಿಯಂಥ ಫಿಲ್ಟರ್, ತಳದಲ್ಲೊಂದು ಡ್ರೈನ್ ಬೋಲ್ಟ್, ಇಷ್ಟೇ. ಎಂಜಿನ್ ಕೆಲವು ನಿಮಿಷ ಓಡಿ ಬೆಚ್ಚಗಾದರೆ ಆಯಿಲ್ ಸಲೀಸಾಗಿ ಇಳಿಯುತ್ತದೆ. ಕುದಿಯುವಷ್ಟು ಬಿಸಿಯಾದರೆ ಕೈ ಸುಡುತ್ತದೆ. ಬರೀ ಜಾಕ್ ನಂಬಿ ಕಾರಿನಡಿ ತೂರುವುದು ಪ್ರಾಣಕ್ಕೇ ಅಪಾಯ, ಸ್ಟ್ಯಾಂಡ್ ಬೇಕೇ ಬೇಕು. ಬೋಲ್ಟಿಗೆ ಪ್ರತಿ ಸಲ ಹೊಸ ವಾಷರ್ ಹಾಕಬೇಕು. ತಗ್ಗಿ ಕೂತು ಸೋರಿಕೆ ತಡೆಯುವುದು ಅದೇ, ಬಿಗಿತವಲ್ಲ.

ಫಿಲ್ಟರಿನ ಕೆಲಸ ಇನ್ನೂ ಸೊಗಸು. ಹಳೆಯದನ್ನು ಬಿಚ್ಚಿದಾಗ ಅದರ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಬೇಕು. ಅದರ ಮೇಲೇ ಹೊಸದು ಕೂತರೆ ಎಂಜಿನ್ ಚಾಲೂ ಮಾಡಿದ ಕೂಡಲೇ ಆಯಿಲ್ ನೆಲಕ್ಕೆ ಚಿಮ್ಮೀತು. ಹೊಸ ಉಂಗುರಕ್ಕೆ ಒಂದಿಷ್ಟು ಆಯಿಲ್ ಸವರಿ, ಕೈಯಲ್ಲೇ ತಿರುಗಿಸುತ್ತ ಹೋಗಿ, ರಬ್ಬರ್ ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು ಸಾಕು.

ನಮ್ಮ ಬಿಸಿಲಿಗೆ ದಪ್ಪ ಆಯಿಲೇ ವಾಸಿ ಎಂಬ ಮಾತು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ಸುತ್ತ ಇಂದಿಗೂ ಕೇಳಿಬರುವಂಥದ್ದು. 20ಡಬ್ಲ್ಯು-40 ಹಳೆಯ ಎಂಜಿನ್‌ಗಳಿಗೆ ಸರಿ. ಬಿಗಿ ಅಳತೆಯಲ್ಲಿ ಕಟ್ಟಿದ ಹೊಸ ಎಂಜಿನ್ನಿಗೆ ಕೈಪಿಡಿ 0ಡಬ್ಲ್ಯು-20 ಎಂದರೆ ಅದನ್ನೇ ಹಾಕಬೇಕು. ಒಳಗಿನ ಶಾಖವನ್ನು ಥರ್ಮೋಸ್ಟಾಟ್ ಹತೋಟಿಯಲ್ಲಿಡುತ್ತದೆ, ಹೊರಗೆ ರಾಯಚೂರಿನ ಬಿಸಿಲಿರಲಿ, ಮಡಿಕೇರಿಯ ಚಳಿಯಿರಲಿ.

ಇಳಿದ ಆಯಿಲ್ ಕಪ್ಪಗಿದ್ದರೆ ಗಾಬರಿ ಬೇಡ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಹಾಲು ಬೆರೆತಂತಿದ್ದರೆ ಕೂಲಂಟ್ ಸೇರಿರುವ ಅನುಮಾನ, ಲೋಹದ ಚೂರು ಮಿನುಗಿದರೆ ಬೇರಿಂಗ್ ಸವೆತದ ಶಂಕೆ. ಆಗ ಮೆಕ್ಯಾನಿಕ್ ಬಳಿ ಓಡಲೇಬೇಕು.

ಈ ಹಳೆ ಆಯಿಲ್ ನಮ್ಮಲ್ಲಿ ಗೆದ್ದಲಿಗೆಂದು ಬೇಲಿಗೂಟಕ್ಕೆ, ಸೆಂಟ್ರಿಂಗ್ ಹಲಗೆಗೆ ಬಳಿಯಲು ಹೋಗುತ್ತದೆ. ಇದು ನಿಲ್ಲಬೇಕು. ಒಂದೇ ಸಲದ ಬದಲಾವಣೆಯ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ. ಭಾರತದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೂ ಇದು ಬರುತ್ತದೆ. ಹೊಸ ಆಯಿಲ್ ಬಂದ ಕ್ಯಾನಿಗೇ ಹಳೆಯದನ್ನು ತುಂಬಿ, ಅಧಿಕೃತ ಮರುಬಳಕೆದಾರರಿಗೆ ಕಳಿಸುವ ವರ್ಕ್‌ಶಾಪಿಗೆ ಒಪ್ಪಿಸಬೇಕು. ಫಿಲ್ಟರನ್ನೂ ಒಂದು ರಾತ್ರಿ ಬೋರಲು ಹಾಕಿ, ಸೋರಿದ್ದನ್ನು ಅದೇ ಕ್ಯಾನಿಗೆ ಸೇರಿಸಿ, ಜೊತೆಗೇ ಕೊಟ್ಟುಬಿಡಬೇಕು.