ಬೆಟ್ಟದ ತಲೆಯ ಮೇಲಿನ ಹುಲ್ಲು

ಕನ್ನಡದಲ್ಲಿ ಹುಲ್ಲಿಗೆ ಮರ್ಯಾದೆ ಕಡಿಮೆ. ಯಾರನ್ನಾದರೂ ಲೆಕ್ಕಕ್ಕಿಡದಿದ್ದರೆ ಹುಲ್ಲುಕಡ್ಡಿಗೆ ಸಮ ಎನ್ನುತ್ತೇವೆ. ಸ್ವಲ್ಪ ಗತ್ತು ಬೇಕಿದ್ದರೆ ತೃಣಮಾತ್ರ. ಡಿ.ವಿ.ಜಿ. ಅವರ ‘ಮಂಕುತಿಮ್ಮನ ಕಗ್ಗ’ದ (1943) ಜನಪ್ರಿಯ ಪದ್ಯವೊಂದರಲ್ಲಿ ಹುಲ್ಲಿಗೆ ಗೌರವ ಸಿಕ್ಕಿದೆ, ನಿಜ. ಆದರೆ ಅಲ್ಲಿಯೂ ಅದು ಬೆಟ್ಟದ ಬುಡದಲ್ಲಿದೆ, ವಿನಯದ ಪಾಠವಾಗಿ. ಮುಳ್ಳಯ್ಯನಗಿರಿಯನ್ನೋ ಕುದುರೆಮುಖವನ್ನೋ ಹತ್ತಿದವರು ಕಾಣುವುದು ಬೇರೆ: ಹುಲ್ಲು ಬೆಟ್ಟದ ತಲೆಯ ಮೇಲಿದೆ, ಶೋಲಾ ಕಾಡು ಕೆಳಗಿನ ಕಣಿವೆಯ ಮಡಿಕೆಗಳಲ್ಲಿದೆ.

ರೂಪಕಕ್ಕೆ ಭೂಗೋಳದ ಹಂಗಿಲ್ಲ. ಕವಿಯ ಮೇಲೆ ನನ್ನ ದೂರಿಲ್ಲ. ನನ್ನ ತಕರಾರು ನಮ್ಮ ಓದಿನ ಬಗ್ಗೆ. ಅದೇ 1943ರಲ್ಲಿ ಬಂದ ಕಾರಂತರ ‘ಬೆಟ್ಟದ ಜೀವ’ವನ್ನು ಕಾಡಿನ ನಡುವೆ ತೋಟ ಎಬ್ಬಿಸಿದ ಗೋಪಾಲಯ್ಯನ ಕತೆಯಾಗಿ ಓದಿದೆವು. ತೇಜಸ್ವಿಯವರ ‘ಕರ್ವಾಲೊ’ (1980) ಎಂದರೆ ನಮಗೆ ದಟ್ಟ ಕಾಡು ಮತ್ತು ಹಾರುವ ಓತಿ. ಕಾಡು, ತೋಟ ಎಂಬ ಈ ಜೋಡಿಯಲ್ಲೇ ನಮ್ಮ ಪರಿಸರ ವಿಮರ್ಶೆ ಸಿಕ್ಕಿಕೊಂಡಿದೆ. ಎರಡೂ ಅಲ್ಲದ, ದನ ಮೇಯುವ, ಹುಲ್ಲು ಕೊಯ್ಯುವ ಜಾಗಕ್ಕೆ ನಾವು ಇಟ್ಟ ಹೆಸರು ಬೋಳುಗುಡ್ಡ.

ಬೋಳು ಎಂದ ಮೇಲೆ ಅಲ್ಲೇನೋ ಇತ್ತು, ಈಗ ಹೋಗಿದೆ ಎಂದಾಯಿತು. ಹೋದದ್ದನ್ನು ತುಂಬಬೇಕೆಂದು ಅಕೇಶಿಯಾ, ನೀಲಗಿರಿ ಬಂದವು. ಆದರೆ ಎಲ್ಲ ಹುಲ್ಲುಗಾವಲೂ ಮರ ಕಡಿದು ಆದದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿ ಬೆಟ್ಟದ ಜೌಗು ಮಣ್ಣಿನ ಇಂಗಾಲವನ್ನು ಪರೀಕ್ಷಿಸಿ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸುಮಾರು 20,000 ವರ್ಷಗಳ ಹಿಂದೆಯೇ ಆ ಎತ್ತರದಲ್ಲಿ ಹುಲ್ಲಿತ್ತು. ಕೊಡಲಿ ಹಿಡಿದ ರೈತ ಬರುವುದಕ್ಕೆ ಬಹಳ ಮುಂಚಿನ ಮಾತು.

ತಗ್ಗಿನ ಗುಡ್ಡಗಳ ಕತೆ ಬೇರೆ. ಉತ್ತರ ಕನ್ನಡದ ಬೇಣಗಳನ್ನು ಉಳಿಸಿದ್ದು ಕತ್ತಿ. ಮಳೆ ನಿಂತು, ತೆನೆ ಬಲಿತು, ಬೀಜ ಉದುರಿದ ಮೇಲೆ ಕರಡ ಕೊಯ್ದರೆ ಹುಲ್ಲು ಸಾಯುವುದಿಲ್ಲ. ಅದರ ಚಿಗುರುವ ಕಣ್ಣು ಬುಡದಲ್ಲಿರುತ್ತದೆ. ನೆಲಕ್ಕೆ ಬೆಳಕು ಬಿದ್ದು ಸಣ್ಣ ಗಿಡಗಳೂ ಹೂ ಬಿಡುತ್ತವೆ. ತೆನೆ ಕಟ್ಟುವ ಮೊದಲೇ ವರ್ಷ ವರ್ಷವೂ ಕೊಯ್ದರೆ ಬೀಜವಿಲ್ಲ. ಕೊಯ್ಯುವುದನ್ನೇ ಬಿಟ್ಟರೆ ಒಣಹುಲ್ಲು ರಾಶಿಯಾಗಿ ಬೇಸಿಗೆಯ ಬೆಂಕಿಗೆ ಸೌದೆ, ಇಲ್ಲವೇ ಪೊದೆಗಳಿಗೆ ಜಾಗ. ಆಲ್ಪ್ಸ್ ಪರ್ವತದ ರೈತರು ಕೊಯ್ಲು ಬಿಟ್ಟ ಇಳಿಜಾರುಗಳಲ್ಲೂ ಪೊದೆ, ಮರ ಹಬ್ಬಿವೆ. ನಮ್ಮಲ್ಲಿ ಮುಳಿಹುಲ್ಲಿನ ಮಾಡಿಗೆ ಮೊದಲ ಪೆಟ್ಟು ಕೊಟ್ಟದ್ದು ಹಂಚು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಆಮೇಲೆ ದನಗಳೂ ಕಡಿಮೆಯಾದವು, ಕೊಯ್ಯುವ ಕೈಗಳೂ.

ಈ ಲೆಕ್ಕಾಚಾರವೆಲ್ಲ ನಿಂತಿರುವುದು ಮಳೆಗಾಲ ಯಾವಾಗ ಮುಗಿಯುತ್ತದೆ ಎಂಬುದರ ಮೇಲೆ. ಅಕಾಲದ ಮಳೆಗೆ ಕೊಯ್ದ ಹುಲ್ಲು ಕೊಳೆಯುತ್ತದೆ. ಮಳೆ ಬೇಗ ಹಿಂದೆ ಸರಿದರೆ ನಿಂತ ಹುಲ್ಲು ಬೇಗ ಒಣಗುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ, ಮರುವರ್ಷ ಮೂಡಿಗೆರೆಯ ಗುಡ್ಡಗಳು ಜಾರಿದಾಗ ನಮ್ಮ ಬರಹಗಳಲ್ಲಿ ಪ್ರಕೃತಿ ಮುನಿದಳು. ಮುನಿಸು ಎಂದುಬಿಟ್ಟರೆ ಯಾರೂ ಉತ್ತರ ಹೇಳಬೇಕಾಗಿಲ್ಲ. ಹುಲ್ಲಿನ ಬೇರು ಮೇಲ್ಮಣ್ಣನ್ನು ಹಿಡಿದೀತು. ರಸ್ತೆಗೆ, ರೆಸಾರ್ಟಿಗೆ ಬುಡ ಕಡಿದ ಗುಡ್ಡವನ್ನು ಹಿಡಿದು ನಿಲ್ಲಿಸಲಾರದು.

ನಾನು ಇದನ್ನು ಬರೆಯುತ್ತಿರುವುದು ಬನಶಂಕರಿಯಲ್ಲಿ ಕೂತು. ಇಲ್ಲಿ ಹುಲ್ಲು ಎಂದರೆ ಜಯನಗರದ ಪಾರ್ಕುಗಳ ಲಾನು: ನೀರು ಕುಡಿಯುವ, ವರ್ಷವಿಡೀ ಯಂತ್ರಕ್ಕೆ ತಲೆ ಕೊಡುವ, ತೆನೆ ಕಾಣದ ಹಸಿರು. ಹತ್ತಿರದಲ್ಲೇ ತುರಹಳ್ಳಿಯ ಕುರುಚಲು ಕಾಡಿದೆ. ಬಂಡೆ, ಪೊದೆ, ಮೊಣಕಾಲೆತ್ತರದ ಹುಲ್ಲು. 2021ರಲ್ಲಿ ಅಲ್ಲಿ ವೃಕ್ಷೋದ್ಯಾನದ ಯೋಜನೆ ಬಂದಾಗ ಸುತ್ತಲಿನವರು ಬೀದಿಗಿಳಿದು ಬೇಡವೆಂದರು. ಕಾಡು ಉಳಿಸಿ ಎಂದು ಕೂಗಲು ನಮಗೆ ಮಾತು ಸಿದ್ಧವಿದೆ. ಹುಲ್ಲು ಉಳಿಸಿ ಎಂದು ಕೂಗಿದರೆ ಈಗಲೂ ಜನ ನಕ್ಕಾರು.

ಆ ನಗುವಿಗೆ ಭಾಷೆ ಹೊಣೆ, ಭಾಷೆಯನ್ನು ಪರೀಕ್ಷಿಸಬೇಕಾದ ವಿಮರ್ಶೆಯೂ ಹೊಣೆ. ಬೇಣ, ಕರಡ, ಮುಳಿ ಎಂಬ ಮಾತುಗಳಲ್ಲಿ ಯಾವಾಗ ಕೊಯ್ಯಬೇಕು, ಎಷ್ಟು ಬಿಡಬೇಕು ಎಂಬ ತಿಳಿವಳಿಕೆ ಇದೆ. ಅವನ್ನು ಪ್ರಾದೇಶಿಕ ಪದಗಳೆಂದು ಕಾದಂಬರಿಯ ಕೊನೆಯ ಅರ್ಥಕೋಶಕ್ಕೆ ತಳ್ಳಿದ್ದೇವೆ. ಮಲೆನಾಡಿನ ಕತೆಗಳನ್ನು ಇನ್ನೊಮ್ಮೆ ಓದುವಾಗ ಮರದ ನೆರಳಿನಿಂದ ಆಚೆ ಬಂದು ಒಂದು ಪ್ರಶ್ನೆ ಕೇಳಿ ನೋಡೋಣ: ಈ ಮನೆಯ ದನಕ್ಕೆ ಹುಲ್ಲು ಎಲ್ಲಿಂದ ಬರುತ್ತಿತ್ತು, ಅದನ್ನು ಕೊಯ್ದವರು ಯಾರು?