ಕುಣಿಕೆಗೆ ಸಿಕ್ಕ ಸ್ಫಟಿಕ

ಪ್ರೋಟೀನ್ ಸ್ಫಟಿಕ ಕಲ್ಲುಪ್ಪಿನ ಹರಳಿನಂತೆ ಗಟ್ಟಿಯಲ್ಲ. ಅದರ ಗಾತ್ರದಲ್ಲಿ ಸರಾಸರಿ ಅರ್ಧದಷ್ಟು ದ್ರವವೇ ಇರುತ್ತದೆ. ಗಾಳಿಗೆ ಒಡ್ಡಿದರೆ ಒಣಗಿ ಬಿರಿಯುತ್ತದೆ, ಸೂಜಿ ತಾಗಿಸಿದರೆ ಮುರಿಯುತ್ತದೆ. 1934ರಲ್ಲಿ ಜೆ. ಡಿ. ಬರ್ನಾಲ್ ಮತ್ತು ಡೊರೊಥಿ ಕ್ರೋಫುಟ್ ಪೆಪ್ಸಿನ್ ಸ್ಫಟಿಕವನ್ನು ಅದು ಬೆಳೆದ ದ್ರಾವಣದ ಜೊತೆಗೇ ಸಪೂರ ಗಾಜಿನ ನಳಿಗೆಯಲ್ಲಿಟ್ಟು ಎಕ್ಸ್-ರೇ ಹಾಯಿಸಿದರು; ಆಗ ಕಿರಣ ಚದುರಿ ಮೂಡುವ, ಅಣುವಿನ ರಚನೆಯ ಸುಳಿವು ಕೊಡುವ ಚುಕ್ಕೆಗಳು ಸ್ಪಷ್ಟವಾಗಿ ಕಂಡವು. ಮುಂದೆ ಹಲವು ದಶಕ ಆ ನಳಿಗೆಯೇ ರೂಢಿಯಾಯಿತು.

ನಳಿಗೆ ಸ್ಫಟಿಕವನ್ನು ಒಣಗದಂತೆ ಕಾಯಿತು, ಕಿರಣದ ಏಟಿನಿಂದ ಕಾಯಲಾಗಲಿಲ್ಲ. ಎಕ್ಸ್-ರೇ ಹೊಕ್ಕಾಗ ಹುಟ್ಟುವ ರ‍್ಯಾಡಿಕಲ್‌ಗಳು ಕೋಣೆಯ ಉಷ್ಣತೆಯಲ್ಲಿ ಸ್ಫಟಿಕದೊಳಗೆ ಹರಿದಾಡಿ ಅಣುಗಳನ್ನು ಕೆಡಿಸುತ್ತವೆ. 100 ಕೆಲ್ವಿನ್‌ಗೆ, ಅಂದರೆ ಮೈನಸ್ 173 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿದರೆ ಆ ಓಡಾಟ ಬಹುಮಟ್ಟಿಗೆ ನಿಲ್ಲುತ್ತದೆ. ಹೀಗೆ ತಣಿಸುವ, ಹೆಚ್ಚುಕಡಿಮೆ ಎಲ್ಲ ಪ್ರೋಟೀನ್‌ಗೂ ಒಗ್ಗುವ ವಿಧಾನವನ್ನು ಹೋಕಾನ್ ಹೋಪ್ 1988ರಲ್ಲಿ ಪ್ರಕಟಿಸಿದರು. ಅದಾ ಯೋನತ್ ತಂಡದ ರೈಬೋಸೋಮ್ ಸ್ಫಟಿಕಗಳು ಕಿರಣದ ಮುಂದೆ ಬಾಳಿದ್ದೂ ಈ ಚಳಿಯ ಬಲದಿಂದಲೇ. 1990ರಲ್ಲಿ ತ್ಸು-ಯಿ ಟೆಂಗ್ ತೋರಿಸಿದ ಉಪಾಯ ಇನ್ನೂ ಸರಳ: ಸೋಪಿನ ಗುಳ್ಳೆ ಊದುವ ಬಳೆಯಲ್ಲಿ ಪೊರೆ ನಿಲ್ಲುವಂತೆ, ಪುಟ್ಟ ಕುಣಿಕೆಯಲ್ಲಿ ದ್ರಾವಣದ ಪೊರೆ ಕಟ್ಟಿಸಿ ಅದರಲ್ಲೇ ಸ್ಫಟಿಕವನ್ನು ಹಿಡಿಯುವುದು.

ಕುಣಿಕೆಯ ಗೆಲುವಿನ ಬಗ್ಗೆ ತಕರಾರಿಲ್ಲ. ಗೆದ್ದ ಮೇಲೆ ಬಂದ ಅಸಡ್ಡೆಯ ಬಗ್ಗೆ ಇದೆ.

ನೀರು ಮಂಜುಗಡ್ಡೆಯಾಗಿ ಹೆಪ್ಪುಗಟ್ಟಿದರೆ ಸ್ಫಟಿಕ ಹಾಳಾಗುತ್ತದೆ, ಚಿತ್ರದಲ್ಲಿ ಮಂಜಿನ ಉಂಗುರಗಳು ಮೂಡುತ್ತವೆ. ಆದ್ದರಿಂದ ಗ್ಲಿಸರಾಲ್ ಅಥವಾ ಎಥಿಲೀನ್ ಗ್ಲೈಕಾಲ್ ಬೆರೆಸಿ, ನೀರು ಗಾಜಿನಂತೆ ಗಟ್ಟಿಯಾಗುವಷ್ಟು ವೇಗವಾಗಿ ದ್ರವ ಸಾರಜನಕದಲ್ಲಿ ಮುಳುಗಿಸುತ್ತಾರೆ. ಎಷ್ಟು ಗ್ಲಿಸರಾಲ್ ಎಂಬುದರ ಮೇಲೆ ಪ್ರಯೋಗಾಲಯಗಳಲ್ಲಿ ಬೇಕಾದಷ್ಟು ತಲೆಕೆಡಿಸಿಕೊಂಡಿದ್ದಾರೆ. ಅದ್ದುವ ಪಾತ್ರೆಯ ಕಡೆ ಅಷ್ಟು ಗಮನ ಹರಿಯಲಿಲ್ಲ. 2006ರಲ್ಲಿ ಕಾರ್ನೆಲ್‌ನ ರಾಬರ್ಟ್ ಥಾರ್ನ್ ತಂಡ ಅಳೆದು ನೋಡಿದಾಗ ತಿಳಿದದ್ದು ತಮಾಷೆಯಾಗಿದೆ: ಇಷ್ಟು ಚಿಕ್ಕ ಸ್ಫಟಿಕ ಬಹುಪಾಲು ತಣಿಯುವುದು ದ್ರವದೊಳಗಲ್ಲ, ದ್ರವದ ಮೇಲೆ ನಿಂತ ತಣ್ಣನೆಯ ಅನಿಲದ ಪದರದಲ್ಲೇ, ಅದೂ ನಿಧಾನವಾಗಿ. ಆ ಪದರವನ್ನು ತೆಗೆದುಹಾಕಿದಾಗ ತಣಿಯುವ ವೇಗ ಸೆಕೆಂಡಿಗೆ 15,000 ಕೆಲ್ವಿನ್‌ಗೆ ಏರಿತು. ಪ್ರೋಟೀನ್ ಇಲ್ಲದ ದ್ರಾವಣಗಳಲ್ಲಿ ಮಂಜು ತಡೆಯಲು ಬೇಕಿದ್ದ ಗ್ಲಿಸರಾಲ್ ಶೇಕಡಾ 28ರಿಂದ 6ರವರೆಗೂ ಇಳಿಯಿತು. ಅಷ್ಟು ದಿನ ರಸಾಯನದ ಮೇಲೆ ಹೊರಿಸಿದ್ದ ಭಾರವನ್ನು ಪಾತ್ರೆಯ ಬಾಯಿಗೆ ಬೀಸಿದ ಒಂದಿಷ್ಟು ಒಣ ಗಾಳಿ ಹೊರಬಹುದಿತ್ತು!

ಸ್ಫಟಿಕ 20 ಮೈಕ್ರಾನ್‌ಗೆ ಇಳಿದಾಗ ಫಜೀತಿ ಹೆಚ್ಚು. ಅದು ಬೇಗ ತಣಿಯುತ್ತದೆ, ನಿಜ. ಬೇಗ ಒಣಗುವುದೂ ಅದೇ. ನೈಲಾನ್ ಕುಣಿಕೆಯಲ್ಲಿ ಸುತ್ತಲಿನ ದ್ರಾವಣವೇ ಸ್ಫಟಿಕಕ್ಕಿಂತ ದಪ್ಪವಾಗಿ, ಅದು ಚದುರಿಸಿದ ಕಿರಣದಲ್ಲಿ ದುರ್ಬಲ ಚುಕ್ಕೆಗಳು ಮುಳುಗಿಹೋಗುತ್ತವೆ. 2003ರಲ್ಲಿ ಥಾರ್ನ್ ತಂಡವೇ ರೂಪಿಸಿದ ತೆಳು ಪಾಲಿಇಮೈಡ್ ಹಾಳೆಯ ಹಿಡಿಕೆ ಇದಕ್ಕೆ ಒಳ್ಳೆಯ ಉತ್ತರ. ಹೆಚ್ಚಿನ ದ್ರಾವಣವನ್ನು ಹೀರಿ ತೆಗೆಯಬಹುದು, ಸ್ಫಟಿಕ ಅಲುಗದೆ ಕೂರುತ್ತದೆ. ಆದರೆ ಹೀರುವ ಕೈ ಒಂದೆರಡು ಸೆಕೆಂಡು ತಡಮಾಡಿದರೆ ಅದೇ ಅನುಕೂಲ ಮುಳುವಾಗುತ್ತದೆ.

ಒಣಗುವುದರ ಪರಿಣಾಮ ಎಷ್ಟೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಮತ್ತು ಸಹೋದ್ಯೋಗಿಗಳು 1980ರ ದಶಕದಲ್ಲೇ ತೋರಿಸಿದ್ದರು. ಸುತ್ತಲಿನ ಗಾಳಿಯ ತೇವವನ್ನು ಶೇಕಡಾ 90ರ ಆಸುಪಾಸಿಗೆ ಇಳಿಸಿದರೆ ಸಾಕು, ಕೆಲವು ಪ್ರೋಟೀನ್ ಸ್ಫಟಿಕಗಳ ಒಳಜೋಡಣೆಯೇ ಬದಲಾಗಿಬಿಡುತ್ತದೆ. ಕುಣಿಕೆಯನ್ನು ಹನಿಯಿಂದ ಎತ್ತಿ ಸಾರಜನಕಕ್ಕೆ ಒಯ್ಯುವ ಗಾಳಿ, ಎ.ಸಿ. ಓಡುವ ಕೋಣೆಯಲ್ಲಂತೂ, ಅದಕ್ಕಿಂತ ಎಷ್ಟೋ ಒಣ. ಈ ಪಾಠ ನಿತ್ಯದ ಪ್ರಯೋಗಕ್ಕೆ ಇಳಿದಿರುವುದು ಸಾಲದು.

ಚಳಿಯ ಮೇಲೂ ಒಂದು ಗಂಭೀರ ಆಕ್ಷೇಪವಿದೆ. ಜೇಮ್ಸ್ ಫ್ರೇಸರ್ ಮತ್ತು ಸಂಗಡಿಗರು 2011ರಲ್ಲಿ 30 ಪ್ರೋಟೀನ್‌ಗಳ ಚಳಿಯ ಮತ್ತು ಕೋಣೆಯ ಉಷ್ಣತೆಯ ದತ್ತಾಂಶಗಳನ್ನು ಹೋಲಿಸಿದರು. ತಣಿಸಿದಾಗ ಶೇಕಡಾ 35ಕ್ಕೂ ಹೆಚ್ಚು ಪಾರ್ಶ್ವ ಸರಪಳಿಗಳ ವಿನ್ಯಾಸ ಬದಲಾಗಿತ್ತು. ಪ್ರೋಟೀನ್ ಕೆಲಸ ಮಾಡಲು ಬೇಕಾದ ಅಲುಗಾಟದ ಗುರುತುಗಳೂ ಅಳಿಸಿದ್ದವು. ಔಷಧದ ಅಣು ಎಲ್ಲಿ ಕೂರುತ್ತದೆಂದು ಹುಡುಕುವವರಿಗೆ ಇದು ಸಣ್ಣ ವಿಷಯವಲ್ಲ. ಹಾಗೆಂದು ಚಳಿಯನ್ನು ಕೈಬಿಡುವಂತೆಯೂ ಇಲ್ಲ. ಸಿಂಕ್ರೋಟ್ರಾನಿನ ಪ್ರಖರ ಕಿರಣದ ಮುಂದೆ ಒಂದೇ ಪುಟ್ಟ ಸ್ಫಟಿಕದಿಂದ ಪೂರ್ಣ ದತ್ತಾಂಶ ಪಡೆಯಲು ಈಗಲೂ ಇದೇ ಭರವಸೆಯ ದಾರಿ.

ಇಷ್ಟೆಲ್ಲ ಗೊತ್ತಿದ್ದೂ ಸಂಶೋಧನಾ ಪ್ರಬಂಧದಲ್ಲಿ ಈ ಹಂತಕ್ಕೆ ಸಾಮಾನ್ಯವಾಗಿ ಸಿಗುವುದು ಒಂದೇ ವಾಕ್ಯ: ಸ್ಫಟಿಕವನ್ನು ಇಂಥ ದ್ರಾವಣದಲ್ಲಿ ಅದ್ದಿ ದ್ರವ ಸಾರಜನಕದಲ್ಲಿ ತಣಿಸಲಾಯಿತು. ಕಿರಣದ ತರಂಗಾಂತರವನ್ನು ದಶಮಾಂಶದ ಹಲವು ಸ್ಥಾನಗಳವರೆಗೆ ಬರೆಯುವವರು, ಸ್ಫಟಿಕ ಗಾಳಿಯಲ್ಲಿ ಎಷ್ಟು ಹೊತ್ತು ಇತ್ತು, ಕೋಣೆಯ ತೇವ ಎಷ್ಟಿತ್ತು, ಅನಿಲದ ಪದರವನ್ನು ತೆಗೆದಿದ್ದರೋ ಇಲ್ಲವೋ ಎಂಬುದನ್ನು ದಾಖಲಿಸುವುದು ಅಪರೂಪ. ಅದೇ ಸ್ಫಟಿಕವನ್ನು ಇನ್ನೊಂದು ಊರಿನಲ್ಲಿ ಬೆಳೆಸಿ ಮಸುಕು ಚುಕ್ಕೆಗಳನ್ನಷ್ಟೇ ಪಡೆದವರಿಗೆ, ತಪ್ಪು ಪ್ರೋಟೀನಿನದೋ ಕೈಯದೋ ಎಂದು ಆ ಪ್ರಬಂಧ ಓದಿ ತಿಳಿಯುವ ದಾರಿಯಿಲ್ಲ.